ಎಡಗಡೆ ನಾನು, ಬಲಗಡೆ ನೂರ್‌ಜಹಾನ್

ಇಬ್ಬರೂ ಒಟ್ಟಿಗೇ ಬಿದ್ದೆವು. ಹಿಮದ ಮೇಲೆ, ಅಂಗಾತ, ಒಬ್ಬರ ಕಾಲ ಮೇಲೆ ಇನ್ನೊಬ್ಬರ ಕಾಲು.

ಅರವತ್ತರ ಹತ್ತಿರ ಬಂದ ಇಬ್ಬರು ಹೆಂಗಸರು ಹಿಮಾಚಲದ ಯಾವುದೋ ಹಳ್ಳಿಯ ಪೈನ್ ಕಾಡಿನಲ್ಲಿ ಕಾಲಿಗೆ ಸ್ಕೀ ಕಟ್ಟಿಕೊಂಡು ಏನು ಮಾಡುತ್ತಿದ್ದಿರಿ ಅಂತ ನೀವು ಕೇಳಬಹುದು. (ನಮ್ಮ ಮನೆಯವರು ಕೇಳಿಯಾಗಿದೆ. ಫೋಟೊ ನೋಡಿದ ದಿನದಿಂದ ಕೇಳುತ್ತಲೇ ಇದ್ದಾರೆ.)

ನೂರ್‌ಜಹಾನ್ ನನ್ನ ಬಾಲ್ಯದ ಗೆಳತಿ. ಇಬ್ಬರದೂ ಕಡರನಾಯಕನಹಳ್ಳಿ. ಮದುವೆಯಾಗಿ ನಾನು ದಾವಣಗೆರೆಗೆ ಬಂದೆ, ಅವಳು ಹರಿಹರಕ್ಕೆ ಹೋದಳು. ಅವಳ ಯಜಮಾನರದು ವೆಲ್ಡಿಂಗ್ ಅಂಗಡಿ. ಹೋದ ವರ್ಷ ಎದೆನೋವು ಅಂದವರು ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡರು. ಅವರಲ್ಲಿ ಇದ್ದತ್ ಅಂತ, ಗಂಡ ತೀರಿಕೊಂಡ ಮೇಲೆ ಹೆಂಡತಿ ಕೆಲವು ತಿಂಗಳು ಮನೆಯಲ್ಲೇ ಇರಬೇಕು. ಆ ತಿಂಗಳುಗಳು ಮುಗಿದವು. ಇವಳು ಮಾತ್ರ ಹೊರಗೆ ಬರಲಿಲ್ಲ. ಮಾತನ್ನೂ ಬಿಟ್ಟಳು. ಕೇಳಿದ್ದಕ್ಕೆ ‘ಹೂಂ’, ಎಷ್ಟೋ ಸಲ ಅದೂ ಇಲ್ಲ. ಓಣಿಗೆಲ್ಲ ಕೇಳುವ ಹಾಗೆ ನಗುತ್ತಿದ್ದವಳು.

‘ಆಂಟಿ, ನೀವು ಟೂರ್ ಹೊಂಟೀರಂತೆ. ಅಮ್ಮಿನೂ ಕರ್ಕಂಡು ಹೋಗ್ರಿ. ಹಿಂಗೇ ಬಿಟ್ರೆ ನಮ್ಮ ಕೈಗೆ ಉಳಿಯಲ್ಲ ಅವ್ರು’ ಅಂತ ಅವಳ ಮಗ ಫೋನ್ ಮಾಡಿದ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಹಟ ಮಾಡಿ ಎಳೆದುಕೊಂಡು ಹೊರಟೆ. ದಾರಿಯುದ್ದಕ್ಕೂ ಅವಳು ಕಿಟಕಿ ನೋಡಿದಳು. ಇಬ್ಬರ ಪಾಲಿನ ಮಾತನ್ನೂ ನಾನೇ ಆಡಿದೆ. (ಅದೇನು ನನಗೆ ಕಷ್ಟದ ಕೆಲಸವಲ್ಲ, ಬಿಡಿ.)

ಆ ಹಳ್ಳಿಯ ಸ್ಕೀ ಟಿವಿಯಲ್ಲಿ ತೋರಿಸುವ ಹಾಗೆ ಗುಡ್ಡದ ಮೇಲಿಂದ ಸರ್ರನೆ ಜಾರುವುದಲ್ಲ. ಕಾಡಿನೊಳಗೆ ಸಮತಟ್ಟಾದ ದಾರಿ. ಸ್ಕೀಗೆ ಮುಂಗಾಲು ಮಾತ್ರ ಸಿಕ್ಕಿಸುತ್ತಾರೆ, ಹಿಮ್ಮಡಿ ಎತ್ತಬಹುದು. ಕೈಗೆ ಎರಡು ಕೋಲು. ಊರಿನವರೇ ಬೆಳಿಗ್ಗೆ ಹೋಗಿ ಬಂದು ಹಿಮದಲ್ಲಿ ಎರಡು ಸಾಲು ಕೊರೆದಿಟ್ಟಿರುತ್ತಾರೆ. ಆ ಸಾಲಿನಲ್ಲಿ ಕಾಲಿಟ್ಟು ತಳ್ಳಿಕೊಂಡು ನಡೆದರಾಯಿತು.

ಪೈನ್ ಮರಗಳ ನಡುವೆ ಆ ಎರಡು ಸಾಲು ಪಕ್ಕಪಕ್ಕದಲ್ಲೇ ದೂರದವರೆಗೂ ಹೋಗಿದ್ದವು. ನನಗೆ ಕಂಡದ್ದು ನಮ್ಮೂರಿನ ಬಂಡಿಜಾಡು.

ಹೈಸ್ಕೂಲಿಗೆ ನಾವಿಬ್ಬರೂ ಹರಿಹರಕ್ಕೆ ನಡೆದೇ ಹೋಗುತ್ತಿದ್ದೆವು. ಗದ್ದೆಗಳ ನಡುವೆ ಬಂಡಿದಾರಿ. ಭತ್ತ, ಕಬ್ಬು ಹೇರಿದ ಬಂಡಿಗಳ ಗಾಲಿ ಕೊರೆದ ಎರಡು ಜಾಡು, ಮಧ್ಯೆ ಗರಿಕೆ ಹುಲ್ಲು. ಎಡ ಜಾಡು ನನ್ನದು, ಬಲ ಜಾಡು ಅವಳದು. ಮೊದಲ ದಿನ ಹಾಗೆ ನಡೆದೆವು, ಹಾಗೇ ಉಳಿಯಿತು. ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ, ಪಾದವೆಲ್ಲ ಕೆಸರು, ಆದರೂ ಜಾಡು ಬಿಡುತ್ತಿರಲಿಲ್ಲ.

ಏನೆಲ್ಲ ಮಾತಾಡಿದ್ದೇವೆ ಆ ದಾರಿಯಲ್ಲಿ. ಗಣಿತದ ಮೇಷ್ಟ್ರ ಸಿಡುಕು, ಸಿನಿಮಾ ಕತೆ, ನಮ್ಮವ್ವನಿಗೆ ಆಪರೇಷನ್ ಅಂತ ನಾನು ಅತ್ತದ್ದು. ತನಗೆ ಗಂಡು ಗೊತ್ತಾಗಿದೆ ಅಂತ ಅವಳು ಹೇಳಿದ್ದೂ ಅಲ್ಲೇ. ಈಗ ಅಲ್ಲಿ ಕಾಂಕ್ರೀಟ್ ರಸ್ತೆ ಆಗಿದೆ. ಒಳ್ಳೆಯದೇ, ಯಾರ ಕಾಲಿಗೂ ಕೆಸರಿಲ್ಲ. ಆದರೆ ಬೈಕುಗಳ ಹಾರ್ನಿಗೆ ಅಂಚಿಗೆ ಸರಿದು, ಒಬ್ಬರ ಹಿಂದೆ ಒಬ್ಬರು ನಡೆಯಬೇಕು.

ಇರಲಿ, ಕಾಡಿಗೆ ಬರೋಣ. ಗೈಡ್ ಹಿಂದಿಯಲ್ಲಿ ಏನೇನೋ ವಿವರಿಸಿದ. ನನ್ನ ಹಿಂದಿ ಚೌಕಾಸಿ ಮಾಡುವ ‘ಕಿತ್ನಾ’, ‘ಬಹುತ್ ಜ್ಯಾದಾ’ ದಾಟುವುದಿಲ್ಲ. ಉರ್ದು ಮನೆಮಾತಿನ ನೂರ್‌ಜಹಾನ್‌ಗೆ ಎಲ್ಲ ಅರ್ಥವಾಗಿತ್ತು. ಆದರೆ ಬಾಯಿ ಬಿಟ್ಟರೆ ತಾನೇ?

ನಾನು ಸೀದಾ ಹೋಗಿ ಎಡ ಸಾಲಿನಲ್ಲಿ ನಿಂತೆ. ಅವಳು ಬಂದು ಬಲ ಸಾಲಿನಲ್ಲಿ ನಿಂತಳು. ನಡುವೆ ಇದ್ದದ್ದು ಒಂದು ಗೇಣು ಜಾಗ. (ಎರಡೂ ಸಾಲು ಒಬ್ಬರದೇ ಎರಡು ಕಾಲಿಗೆ ಮಾಡಿದ್ದು ಅಂತ ನನಗೇನು ಗೊತ್ತು?) ಭುಜಕ್ಕೆ ಭುಜ ಒತ್ತಿತು. ಇನ್ನೊಂದು ಸ್ಕೀಯನ್ನು ಎಲ್ಲಿಡುವುದು? ಇಬ್ಬರೂ ಸಾಲಿನಾಚೆ ಇಟ್ಟೆವು. ಗೈಡ್ ‘ಏಕ್ ಆದ್ಮಿ, ಏಕ್ ಆದ್ಮಿ’ ಅಂತ ಓಡಿ ಬರುವಷ್ಟರಲ್ಲಿ ನೆಲ ಕಂಡಿದ್ದೆವು.

ಮೊದಲು ಬಂದ ಯೋಚನೆ ಅವಳ ಸೊಂಟದ್ದು. ನೋಡಿದರೆ ಮೈಯೆಲ್ಲ ಅಲುಗುತ್ತಿದೆ. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು.

‘ಲೇ ಗಿರಿಜಿ, ಇದು ಇಬ್ರಿಗಲ್ಲ ಕಣೇ, ಒಬ್ರಿಗೆ.’

‘ನಿಂಗೆ ಗೊತ್ತಿತ್ತೇನೆ?’

‘ಅವ ಮೊದ್ಲೇ ಹೇಳಿದ್ನಲ್ಲ.’

‘ಮತ್ಯಾಕ ಬಂದು ನಿಂತಿ?’

‘ನೀ ಎಡಕ್ಕ ನಿಂತಿದ್ದಿ. ಬಲಕ್ಕ ಖಾಲಿ ಇತ್ತು.’

ಸ್ಕೀ ಬಿಚ್ಚಿಕೊಟ್ಟೆವು. ಸಾಲು ಕೆಡಿಸಬೇಡಿ ಅಂತ ಗೈಡ್ ನಮ್ಮನ್ನು ಅಂಚಿಗೆ ಕಳಿಸಿದ. ಬೂಟುಗಾಲಿನಲ್ಲೇ ಮರಗಳ ನಡುವೆ ಪಕ್ಕಪಕ್ಕ ನಡೆದೆವು. ನಾನು ಏನೂ ಕೇಳಲಿಲ್ಲ. (ಹೌದು, ನಾನೇ.) ಸ್ವಲ್ಪ ದೂರ ಹೋದ ಮೇಲೆ ಅವಳೇ ಶುರುಮಾಡಿದಳು. ಯಜಮಾನರು ತೀರಿಕೊಂಡ ದಿನ ಬೆಳಿಗ್ಗೆ ಅವರು ಚಾ ಬೇಡ ಅಂದದ್ದು, ಮಾಡಿದ ಮೇಲೆ ಬೇಡ ಅಂತಾರಲ್ಲ ಅಂತ ಇವಳು ಮುಖ ಊದಿಸಿಕೊಂಡದ್ದು, ಮುಖ ಊದಿಸಿಕೊಂಡೇ ಅವರನ್ನು ಅಂಗಡಿಗೆ ಕಳಿಸಿದ್ದು. ಹೇಳುತ್ತಾ ಅತ್ತಳು. ನಾನೂ ಅತ್ತೆ. ಇಬ್ಬರೂ ಮುಂದೆ ನೋಡಿಕೊಂಡೇ ಇದ್ದೆವು.

‘ಇಷ್ಟು ದಿನ ಯಾಕ ಹೇಳ್ಲಿಲ್ಲ? ನಾ ಎಷ್ಟು ಸಲ ಬಂದಿದ್ದೆ.’

‘ಬಂದೋರೆಲ್ಲ ಎದುರಿಗೆ ಕುರ್ಚಿ ಹಾಕ್ಕಂಡು ಕುಂತು, ಹೆಂಗಾತು ಅಂತ ಕೇಳಿದ್ರು. ನೀನೂ ಕೇಳ್ದಿ. ಎಲ್ಲಾ ಮುಖನೂ ನನ್ನೇ ನೋಡ್ತಿದ್ರೆ ಹೆಂಗೆ ಹೇಳ್ಲಿ? ಬಾಜೂಕ ಯಾರೂ ಇರ್ಲಿಲ್ಲ ಕಣೇ.’

ನಮ್ಮ ಕಡೆ ಇದಕ್ಕೊಂದು ಹೆಸರೇ ಇದೆ, ‘ಮಾತಾಡಿಸಿಕೊಂಡು ಬರುವುದು’. ಸಾವಾದ ಮನೆಗೆ ಹೋಗಬೇಕು, ಎದುರು ಕೂರಬೇಕು, ಹೇಗಾಯಿತು ಅಂತ ಕೇಳಬೇಕು. ಹೋಗದಿದ್ದರೆ ಮಾತು ಬರುತ್ತದೆ. ಪಾಪ, ಯಾರದೂ ಕೆಟ್ಟ ಮನಸ್ಸಲ್ಲ. ಆದರೆ ಹೊಸಬರು ಬಂದಾಗಲೆಲ್ಲ ಆ ಮನೆಯಾಕೆ ಹೇಳುತ್ತಾ ಹೇಳುತ್ತಾ ಗಂಡನನ್ನು ಮತ್ತೆ ಮೊದಲಿಂದ ಆಸ್ಪತ್ರೆಗೆ ಕರೆದೊಯ್ಯಬೇಕಲ್ಲ?

ಮೊನ್ನೆ ನೂರ್‌ಜಹಾನ್ ಮಗನ ಫೋನ್ ಬಂತು. ‘ಆಂಟಿ, ಅಮ್ಮಿ ಅಂಗಡಿಗೆ ಬಂದು, ಕಸ ಹೊಡ್ದಿಲ್ಲ ಅಂತ ಬೈದು ಹೋದ್ರು’ ಅಂದ. ಬೈಸಿಕೊಂಡವನ ದನಿಯಲ್ಲಿ ಎಷ್ಟು ಖುಷಿ.

ನಾಳೆ ನೀವೂ ಯಾರನ್ನಾದರೂ ಮಾತಾಡಿಸಲು ಹೋಗುತ್ತೀರಿ. ಕುರ್ಚಿ ತಂದು ಹಾಕುತ್ತಾರೆ. ಕೂರುತ್ತೀರೋ, ಇಲ್ಲ ‘ಬಾ, ಹಿಂಗೆ ಒಂಚೂರು ನಡ್ಕಂಡು ಬರೋಣ’ ಅನ್ನುತ್ತೀರೋ?