ಗಂಗತ್ತೆಯ ಉದ್ದ ಸ್ವರಗಳು

ಕಾದ ಹೆಂಚಿನ ಮೇಲೆ ಉದುರಿದ ಜೋಳದ ಹಿಟ್ಟು ಸೀಯುವ ವಾಸನೆ ಬಂದರೆ ಸಾಕು, ನಾನು ಪುಣೆಯ ಕಸಬಾ ಪೇಟೆಯ ನಮ್ಮ ಹಳೆಯ ವಾಡೆಯ ಅಡುಗೆಮನೆಯಲ್ಲಿರುತ್ತೇನೆ. ಇಂಗ್ರೇಜರ ಕಾಲ ಅದು. ಶಾಲೆಯಲ್ಲಿ ಕಲಿತ ಇಂಗ್ಲಿಷನ್ನು ಸಂಜೆ ಒಲೆಯ ಮುಂದೆ ಕೂತು ಗಂಗತ್ತೆಗೆ ಕಲಿಸುವುದು ನನ್ನ ಕೆಲಸ. ಅವಳು ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ವಿಜಾಪುರದಿಂದ ತವರಿಗೆ ಬಂದಿದ್ದಳು. ನರ್ಸ್ ಆಗಬೇಕೆಂದು ಅವಳ ಹಟ. "ಮಂದಿ ಮೈ ಮುಟ್ಟೂ ಕೆಲಸ ನಮ್ಮ ಮನಿತನಕ್ಕ ಬ್ಯಾಡ" ಎಂದು ಅರಿವೆ ಅಂಗಡಿ ನಡೆಸುತ್ತಿದ್ದ ನಮ್ಮ ಅಜ್ಜ ಗುಡುಗಿದರು. ಅವಳು ಊಟ ಬಿಟ್ಟು ಕೂತಾಗ ಸ್ವಲ್ಪ ಇಳಿದರು: "ಆಸ್ಪತ್ರ್ಯಾಗ ಸೇರಿಸ್ಕೊಳ್ಳೂ ಮೊದಲ ಇಂಗ್ರೇಜಿ ಓದಿಸಿ ನೋಡ್ತಾರಂತ. ಪಾಸಾದ್ರ ಹೋಗು. ಇಲ್ಲಾಂದ್ರ ಮತ್ತ ಆ ಮಾತು ತಗೀಬಾರದು." ಪಾಸಾಗುವುದಿಲ್ಲ ಎಂಬ ಧೈರ್ಯ ಅವರಿಗೆ.

ಗಂಗತ್ತೆ ಅಗಲವಾದ ತಟ್ಟೆ ಪರಾತದಲ್ಲಿದ್ದ ಹಿಟ್ಟಿನ ಮೇಲೆ ಬೆರಳಿನಿಂದ ಬರೆಯುತ್ತಿದ್ದಳು. ಎಮ್, ಎ, ಡಿ ಸೇರಿದರೆ ಮ್ಯಾಡ್, ಅಂದರೆ ಹುಚ್ಚ. ಕೊನೆಗೊಂದು ಇ ಹಚ್ಚಿದರೆ ಮೇಡ್, ಅಂದರೆ ಮಾಡಿದ. ರೊಟ್ಟಿ ತಟ್ಟುತ್ತಿದ್ದ ಅಜ್ಜಿಗೆ ಕುತೂಹಲ. "ಆ ಕಡೀ ಅಕ್ಷರ ಏನೂ ಅನ್ನೂದಿಲ್ಲೇನ?"

"ಇಲ್ಲಜ್ಜಿ. ತಾ ಸುಮ್ನ ಕುಂತು ಹಿಂದಿನ ಅಕ್ಷರದ ದನಿ ಉದ್ದ ಮಾಡಸ್ತದ."

"ಸುಮ್ನ ಕುಂತೂ ಕೆಲಸ ಆಗ್ತದಂತ ನಿಮ್ಮಜ್ಜಾರಿಗೂ ತಿಳಿಸಿ ಹೇಳವಾ" ಎನ್ನುತ್ತ ಅಜ್ಜಿ ಮುಂದಿನ ರೊಟ್ಟಿಗೆ ಒಂದು ಹಿಡಿ ಹಿಟ್ಟು ಎತ್ತಿಕೊಂಡಳು. ಅದರ ಜೊತೆ ಇ ಹೋಯಿತು, ಮೇಡ್ ಮತ್ತೆ ಮ್ಯಾಡ್ ಆಯಿತು. "ಅವ್ವಾ, ನನ್ನ ಅಕ್ಷರ ತಟ್ಟಿಬಿಟ್ಟಿ!" ಎಂದು ಗಂಗತ್ತೆ ಕೂಗಿಕೊಂಡಳು. ಎ ಮತ್ತು ಐ ಕೂಡಿದರೆ ರೇನಿನ ಏ, ಇ ಮತ್ತು ಎ ಕೂಡಿದರೆ ಟೀಯ ಈ. ನಾನು ಹೇಳಿದ ಒಂದೊಂದು ನಿಯಮವನ್ನೂ ಅವಳು ವ್ರತದಂತೆ ಹಿಡಿದಳು. ಆ ನಿಯಮಗಳಿಗೆ ಅಪವಾದಗಳಿವೆಯೆಂದು ನಮ್ಮ ಶಾಲೆಯಲ್ಲಿ ಇನ್ನೂ ಹೇಳಿರಲಿಲ್ಲ.

ಪರೀಕ್ಷೆಯ ದಿನ ಅಜ್ಜ ನಮ್ಮಿಬ್ಬರನ್ನೂ ಟಾಂಗಾದಲ್ಲಿ ಆಸ್ಪತ್ರೆಗೆ ಕರೆದೊಯ್ದರು. ನರ್ಸ್‌ಗಳ ಮುಖ್ಯಸ್ಥೆಯಾದ ಇಂಗ್ರೇಜಿ ಮೇಟ್ರನ್ ಪುಸ್ತಕ ತೆರೆದು ಕೊಟ್ಟಳು. ರೋಗಿಗೆ ಬ್ರೆಡ್ಡು ಕೊಡಿ ಎಂಬ ಸಾಲು. ಗಂಗತ್ತೆ ಗಂಟಲು ಸರಿಪಡಿಸಿಕೊಂಡು ಗಟ್ಟಿಯಾಗಿ ಓದಿದಳು: "ಗೈವ್ ಹಿಮ್ ಬ್ರೀಡ್." ಮೇಟ್ರನ್ ತುಟಿ ಕಚ್ಚಿ ನಗು ತಡೆದು, "ಗಿವ್. ಬ್ರೆಡ್" ಎಂದು ತಿದ್ದಿದಳು. ಗಂಗತ್ತೆಯ ಕಣ್ಣು ತುಂಬಿತು. ಆದರೆ ಸುಮ್ಮನಾಗುವವಳಲ್ಲ, ಪಕ್ಕದಲ್ಲಿ ನಿಂತಿದ್ದ ನರ್ಸ್‌ಗೆ ಮರಾಠಿಯಲ್ಲಿ ಹೇಳಿದಳು: "ಕೊನೆಗೆ ಇ ಬಂದರೆ ದನಿ ಉದ್ದ ಎಂದು ನಿಯಮ ಮಾಡಿದವರು ಇವರು. ನಾನು ಪಾಲಿಸಿದ್ದೇನೆ. ಮುರಿದವರು ಇವರೇ. ತಪ್ಪು ಯಾರದೆಂದು ಕೇಳಿ."

ಆ ನರ್ಸ್ ಅದನ್ನು ಇಂಗ್ಲಿಷಿಗೆ ತಿರುಗಿಸುವ ಮೊದಲೇ ಅಜ್ಜ ಬೆಂಚಿನಿಂದೆದ್ದು, ಪೇಟ ಜಾರಿದ್ದೂ ತಿಳಿಯದೆ, ಅಚ್ಚ ಕನ್ನಡದಲ್ಲಿ ಮೇಟ್ರನ್ ಮೇಲೆ ಹರಿಹಾಯ್ದರು. "ಖರೇ ಮಾತದರೀ! ಇದರಾಗ ನನ್ನ ಮಗಳ ತಪ್ಪೇನದ? ನಿಮ್ಮ ಭಾಷಾ ನೀವು ಮೊದಲ ನೆಟ್ಟಗ ಇಟ್ಕೋರಿ!" ವಿಷಯ ತಿಳಿದ ಮೇಟ್ರನ್ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಆಮೇಲೆ ಗಂಗತ್ತೆಯ ಕೈಹಿಡಿದು, ಸೋಮವಾರದಿಂದ ಬಾ ಎಂದಳು.

ಟಾಂಗಾ ಅರ್ಧ ದಾರಿ ಬಂದಿತ್ತು. ಅಜ್ಜ ಇದ್ದಕ್ಕಿದ್ದಂತೆ ಹಣೆ ಬಡಿದುಕೊಂಡರು. "ಅಯ್ಯ, ನಾನ ಪಾಸ್ ಮಾಡಿಸಿಬಿಟ್ನಲ್ಲಾ!"

ನೀವೂ ಇಂಥದೊಂದು ಮನೆಯನ್ನು ಕಳೆದುಕೊಂಡಿದ್ದರೆ ನಿಮಗಿದು ಗೊತ್ತು: ಗೋಡೆ ಬಿದ್ದರೂ ದನಿಗಳು ಬೀಳುವುದಿಲ್ಲ. ಆ ವಾಡೆ ಈಗಿಲ್ಲ, ಅಲ್ಲಿದ್ದವರೂ ಇಲ್ಲ. ಆ ಪರೀಕ್ಷೆಯಾಗಿ ಕೆಲವು ವರ್ಷಗಳ ನಂತರ ಅಜ್ಜ ಕಾಯಿಲೆ ಬಿದ್ದು ಅದೇ ಆಸ್ಪತ್ರೆಯಲ್ಲಿ ಮಲಗಿದರು. ಮಗಳ ಕೈಯಿಂದಲ್ಲದೆ ಔಷಧ ತೆಗೆದುಕೊಳ್ಳುತ್ತಿರಲಿಲ್ಲ. ಕೊನೆಯ ದಿನ ಮಧ್ಯಾಹ್ನ ನಾನು ಅಲ್ಲಿದ್ದೆ. ಅಜ್ಜ ಅರೆಗಣ್ಣು ತೆರೆದು ಕೇಳಿದರು: "ಗಂಗಾ, ನಿನ್ನ ಡ್ಯೂಟಿ ಮುಗೀತೇನವಾ?"

"ಇಲ್ಲಪ್ಪಾ, ಇನ್ನೂ ಅದ."

ಅವಳ ಡ್ಯೂಟಿ ಬೆಳಗ್ಗೆಯೇ ಮುಗಿದಿತ್ತು. ಅಜ್ಜ ನೆಮ್ಮದಿಯಿಂದ ಕಣ್ಣು ಮುಚ್ಚಿದರು. ಅವಳು ಅವರ ಕೈ ಬಿಡದೆ ಕೂತೇ ಇದ್ದಳು.