ಹಿಮದ ಗಾಡಿಗೆ ಯೆಣೆಗೂರಿನ ಸಲಹೆ

ಬೆಳಗಿನ ಆರು ಗಂಟೆ. ಉಮರ್ಗಾ ಕಡೆಯ ಮೊದಲ ಎಸ್.ಟಿ. ಬಸ್ಸು ಮಹಾರಾಷ್ಟ್ರದ ಗಡಿಯೂರು ಯೆಣೆಗೂರು ದಾಟುವ ಹೊತ್ತಿಗೆ ಕಾಡಯ್ಯ ಸ್ವಾಮಿ ಹಣೆಗೆ ವಿಭೂತಿ ಹಚ್ಚಿಕೊಂಡು, ಧಾಬಾ ಪಕ್ಕದ ತಗಡಿನ ಶೆಡ್ಡಿನಲ್ಲಿ ಮೋಟರ್ ಸೈಕಲ್ಲೊಂದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಿದ್ದಾರೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿಯುತ್ತಾರೆ. ತುದಿ ಕಪ್ಪಗಿದ್ದರೆ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚಾಗಿದೆ, ಬೆಳ್ಳಗಿದ್ದರೆ ಸಾಲುತ್ತಿಲ್ಲ, ಚಹಾದ ಬಣ್ಣವಿದ್ದರೆ ಆರೋಗ್ಯ. ಇದು ಸುಣ್ಣದ ಹಾಗೆ ಬೆಳ್ಳಗಿದೆ.

ಗಾಡಿ ಬಕ್ಕಪ್ಪನವರದು. ಔರಾದ ಶಹಾಜನಿಯ ಸಂತೆಗೆ ಬಟ್ಟೆ ಒಯ್ಯುವ ವ್ಯಾಪಾರಿ. ಮೊದಲು ಕಾಡಯ್ಯನವರ ಪಾದ ಮುಟ್ಟಿ ನಮಸ್ಕರಿಸುತ್ತಾರೆ, ಮರುಗಳಿಗೆಯೇ ಮೈಲೇಜಿನ ತಕರಾರು ತೆಗೆಯುತ್ತಾರೆ: "ಅಯ್ಯಾರ, ಆವರೇಜ್ ಬರವಲ್ದು. ಸ್ಕ್ರೂ ಇನ್ನ ಜರಾ ಟೈಟ್ ಮಾಡ್ರಿ."

"ಇನ್ನ ಟೈಟ್ ಮಾಡಿದ್ರ ಗಾಡಿ ಬರೇ ಹವಾದ ಮ್ಯಾಲ ಓಡಬೇಕಾಗ್ತದ, ಬಕ್ಕಪ್ಪಾ," ಎನ್ನುತ್ತ ಕಾಡಯ್ಯ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ಸ್ಕ್ರೂವನ್ನು ಸಡಿಲ ಮಾಡುತ್ತಾರೆ.

ಐವತ್ಮೂರರ ಕಾಡಯ್ಯ ಹುಟ್ಟಿದ್ದು ಜಂಗಮರ ಮನೆಯಲ್ಲಿ. ಊರಿನ ಇಪ್ಪತ್ತೆರಡು ಮನೆತನಗಳ ಪೂಜೆ ಇವರದೇ. ಸೋಮವಾರ ಉಗುರಿನ ಗ್ರೀಸ್ ಸೀಮೆಎಣ್ಣೆಯಿಂದ ಉಜ್ಜಿ ತೆಗೆದು ಜೋಳಿಗೆ ಹಿಡಿಯುತ್ತಾರೆ, ಮಂಗಳವಾರ ಮತ್ತೆ ನಟ್ಟು ಬಿಚ್ಚುವ ಪಾನಾ ಹಿಡಿಯುತ್ತಾರೆ. ಹಿಂದೆ ದಿನಕ್ಕೆ ಹನ್ನೆರಡು ಕಾರ್ಬುರೇಟರ್ ಬಿಚ್ಚುತ್ತಿದ್ದವರು, ಈಗ ಮೂರೋ ನಾಲ್ಕೋ. ಹೊಸ ಗಾಡಿಗಳಲ್ಲಿ ಕಾರ್ಬುರೇಟರೇ ಇಲ್ಲ. ಇಂಜೆಕ್ಷನ್ ಬಂದಿದೆ. ಪೆಟ್ರೋಲನ್ನು ಎಷ್ಟು ಚಿಮ್ಮಿಸಬೇಕೆಂದು ಒಂದು ಪುಟ್ಟ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ನಿಲಂಗಾದಿಂದ ಬರುತ್ತಿದ್ದ ಗಿರಾಕಿಗಳು ಈಗ ಬರುವುದಿಲ್ಲ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಒಂದು ಸಣ್ಣ ಜೆಟ್ ಬೇಕೆಂದರೂ ಉದಗೀರದ ಅಂಗಡಿಯವರು ತಲೆ ಅಲ್ಲಾಡಿಸುತ್ತಾರೆ.

ಈ ಶೆಡ್ಡಿನ ಗಿರಾಕಿಗಳು ನಂಬದ ಒಂದು ಸಂಗತಿಯಿದೆ. ಕಾಡಯ್ಯ ಒಂಬತ್ತು ಚಳಿಗಾಲ ಹಿಮಾಚಲದ ಒಂದು ಗುಡ್ಡದೂರಿನಲ್ಲಿ, ಹಿಮದ ಮೇಲೆ ಓಡುವ ಸ್ನೋಮೊಬೈಲುಗಳನ್ನು ರಿಪೇರಿ ಮಾಡಿದ್ದಾರೆ. ಅವರಿಗೆ ಮೂವತ್ತು ದಾಟಿದ್ದಾಗ ಹಿಮಾಚಲದ ಸೇಬಿನ ಲಾರಿಯೊಂದು ಇದೇ ಹೆದ್ದಾರಿಯಲ್ಲಿ ಕೆಟ್ಟು ನಿಂತಿತ್ತು. ರಿಪೇರಿ ಮಾಡಿದ ಕಾಡಯ್ಯ ಅದೇ ಲಾರಿ ಹತ್ತಿ ಹೋದರು. "ಮುಂಜಾನಿ ಎದ್ದು ಬಾಗಿಲಾ ತೆಗದ್ರ ಜಗತ್ತೇ ಇಲ್ರಿ. ಬರೇ ಬರ್ಫ. ಸಪ್ಪಳಾನೇ ಇಲ್ಲ. ಅಂಥಾ ಸುಖ ನಾ ಮತ್ತೆಲ್ಲೂ ಕಂಡಿಲ್ಲ," ಎನ್ನುತ್ತಾರೆ.

ಸುಖದ ಜೊತೆ ಒಂದು ತಪ್ಪೂ ಆಯಿತು. ಎರಡನೇ ಚಳಿಗಾಲ. ಮಧ್ಯಾಹ್ನದ ಬಿಸಿಲಿನಲ್ಲಿ ನಿಂತು, ಯೆಣೆಗೂರಿನ ರೂಢಿಯಂತೆ ಆವರೇಜ್ ಬರಲೆಂದು ಸ್ನೋಮೊಬೈಲೊಂದರ ಕಾರ್ಬುರೇಟರಿನ ಸ್ಕ್ರೂ ಬಿಗಿ ಮಾಡಿದರು. ಬಿಸಿಲು ಗುಡ್ಡದಾಚೆ ಸರಿದದ್ದೇ ತಡ, ಗಾಳಿ ತಣ್ಣಗೆ ದಟ್ಟವಾಯಿತು. ಅದಕ್ಕೆ ತಕ್ಕಷ್ಟು ಪೆಟ್ರೋಲ್ ಸಿಗದೆ ಎಂಜಿನ್ ಮೇಲಿನ ಇಳಿಜಾರಿನಲ್ಲೇ ನಿಂತುಹೋಯಿತು. ಚಾಲಕನ ಹಿಂದಿನ ಸೀಟಿನಲ್ಲಿ ಎಪ್ಪತ್ತು ದಾಟಿದ ಪ್ರವಾಸಿ ಅಜ್ಜಿಯೊಬ್ಬರಿದ್ದರು. ಗಾಡಿ ಮರಳದ್ದನ್ನು ಕಂಡು ಕಾಡಯ್ಯ ಕೆಳಗಿನಿಂದ ನಡೆದೇ ಹತ್ತಿ ಹೋದರು.

"ಆಕಿ ಪಾದ ಕಲ್ಲಾಗಿದ್ವು. ಅಂಗಿ ಬಿಚ್ಚಿ ಎದಿಗೆ ಒತ್ಕೊಂಡು ಕುಂತೆ. ನಮ್ಮ ಪಾದ ಮಂದಿ ಹಿಡೀತಾರ್ರಿ. ಅವತ್ತ ನಾ ಹಿಡದೆ." ಅಜ್ಜಿ ಚೇತರಿಸಿಕೊಂಡರು. ಕಾಡಯ್ಯನವರ ಅಳುಕು ಮಾತ್ರ ಇಂದಿಗೂ ಹೋಗಿಲ್ಲ.

ಹನ್ನೊಂದು ವರ್ಷಗಳ ಹಿಂದೆ ತಂದೆ ತೀರಿಕೊಂಡಾಗ ಮನೆತನಗಳ ಪೂಜೆ ಹೆಗಲಿಗೆ ಬಿತ್ತು, ಮರಳಿ ಬಂದರು. ಮನಸ್ಸಿನ ಅರ್ಧ ಅಲ್ಲೇ ಉಳಿಯಿತು. ಹೆಂಡತಿ ಇಂದುಬಾಯಿ ನಗುತ್ತಲೇ ದೂರುತ್ತಾರೆ: "ಇಲ್ಲಿ ಮಂದಿ ಬಿಸಲಿಗೆ ಬೇಯ್ಲತ್ತಾರ, ಇವರು ಮೊಬೈಲಿನಾಗ ಅಲ್ಲೀ ಥಂಡಿ ಎಷ್ಟದ ಅಂತ ನೋಡ್ಲತ್ತಾರ. ಮೈನಸ್ ಮೂರಂತ, ನನಗ ಹೇಳ್ತಾರ. ನಾ ಏನ್ ಮಾಡ್ಲಿ?"

ಕಳೆದ ವಾರ ಗುಡ್ಡದೂರಿನ ಹಳೆಯ ಮಾಲೀಕರು ಫೋನ್ ಮಾಡಿದರು. ನಾಲ್ಕು ಹೊಸ ಫೋರ್-ಸ್ಟ್ರೋಕ್ ಸ್ನೋಮೊಬೈಲ್ ಕೊಳ್ಳಬೇಕಿದೆ. ಕಾರ್ಬುರೇಟರಿನವು ತರಲೋ, ಇಂಜೆಕ್ಷನ್ನಿನವು ತರಲೋ? ಕಾರ್ಬುರೇಟರ್ ಆದರೆ ಅದರ ಮರ್ಮ ಬಲ್ಲವರು ಅಲ್ಲೀಗ ಯಾರೂ ಉಳಿದಿಲ್ಲ, ಪ್ರತಿ ಚಳಿಗಾಲ ಕಾಡಯ್ಯ ನಾಲ್ಕು ತಿಂಗಳು ಬಂದಿರಬೇಕು. ಇಂಜೆಕ್ಷನ್ ಆದರೆ ಕಂಪನಿಯವರೇ ನೋಡಿಕೊಳ್ಳುತ್ತಾರೆ. "ನೀನು ಹೇಳಿದ್ದೇ ಕೊನೆಯ ಮಾತು," ಎಂದರಂತೆ ಮಾಲೀಕರು.

ಹನ್ನೊಂದು ವರ್ಷ ಕಾದ ಕರೆ ಅದು. ತಮ್ಮ ಸಿದ್ಧೇಶ್ವರ ಕೂಡಲೇ ಒಪ್ಪಿದರು: "ನಾಲ್ಕ ತಿಂಗಳ ಪೂಜಾ ನಾ ನೋಡ್ಕೋತೀನಿ, ಅಣ್ಣಾ. ನೀ ಹೋಗಿ ಬಾ." ಕಾಡಯ್ಯ ಎರಡು ದಿನ ಯೋಚಿಸಿದರು. ಪ್ಲಗ್ಗಿನ ಖಾಲಿ ಡಬ್ಬಿ ಹರಿದು ಅದರ ಮೇಲೆ ಎರಡರ ಗುಣದೋಷ ಬರೆದರು. ಕಾರ್ಬುರೇಟರಿನ ಪರವಾಗಿ ನ್ಯಾಯವಾದ ಮಾತುಗಳೇ ಇದ್ದವು: ಸರಳ ಯಂತ್ರ, ನಡು ಗುಡ್ಡದಲ್ಲಿ ಕೆಟ್ಟರೆ ಒಂದು ಸ್ಕ್ರೂಡ್ರೈವರಿನಿಂದಲೇ ಬಿಚ್ಚಿ ಸ್ವಚ್ಛ ಮಾಡಬಹುದು. ಇಂಜೆಕ್ಷನ್ನಿನ ಕಂಪ್ಯೂಟರ್ ಮುನಿಸಿಕೊಂಡರೆ ಅಲ್ಲಿ ಯಾರೂ ಏನೂ ಮಾಡಲಾರರು. ಇಷ್ಟನ್ನೇ ಹೇಳಿ ಸುಮ್ಮನಿದ್ದರೂ ಸುಳ್ಳಾಗುತ್ತಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಶೆಡ್ಡಿನಿಂದಲೇ ಫೋನ್ ಮಾಡಿದರು. ಇಂದುಬಾಯಿ ತಿನ್ನಲು ಮಂಡಕ್ಕಿಯ ಸುಸಲಾ ತಂದು ಪಕ್ಕದಲ್ಲೇ ನಿಂತಿದ್ದರು. ಹಿಂದಿಯಲ್ಲಿ ಆಡಿದ ಮಾತನ್ನು ಕಾಡಯ್ಯ ಈಗ ತಮ್ಮ ಭಾಷೆಯಲ್ಲಿ ಹೇಳುತ್ತಾರೆ: "ಇಂಜೆಕ್ಷನ್ನೇ ತಗೋರಿ ಅಂದೆ. ಥಂಡಿ ಎಷ್ಟದ, ಗಾಡಿ ಎಷ್ಟ್ ಮ್ಯಾಲ ಹತ್ಯದ, ಅದು ತಾನೇ ತಿಳಕೊಂಡು ಬರೋಬ್ಬರ್ ಪೆಟ್ರೋಲ್ ಕೊಡ್ತದ. ಕಾರ್ಬುರೇಟರ್ ನನ್ನ ಕೈ ನಂಬಬೇಕು. ನನ್ನ ಕೈ ಒಮ್ಮೆ ತಪ್ಯದ."

ಹಾಗಾದರೆ ನೀನು ಬರುವುದಿಲ್ಲವಲ್ಲ ಎಂದರು ಮಾಲೀಕರು. ಇಂದುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಆಚೆ ತಿರುಗಿದರು.

ಬದಲಿಗೆ ಏನು ಬೇಕು, ಕೇಳು ಎಂದರಂತೆ ಮಾಲೀಕರು. ಏನು ಕೇಳಿದಿರಿ ಎಂದರೆ ಕಾಡಯ್ಯ ಕೈಯಲ್ಲಿನ ಪಾನಾವನ್ನು ಕೆಳಗಿಡುತ್ತಾರೆ.

"ಡಿಸೆಂಬರದಾಗ ಖಡಕ್ ಥಂಡಿ ಇರೋ ಒಂದ್ ಮುಂಜಾನಿ ಫೋನ್ ಹಚ್ಚಿ, ಎಂಜಿನ್ ಹತ್ರ ಹಿಡದು ಗಾಡಿ ಚಾಲೂ ಮಾಡ್ರಿ ಅಂದೆ. ಒಂದೇ ಸಲಕ್ಕ ಚಾಲೂ ಆದ್ರ, ನಾ ಹೇಳಿದ್ದು ಖರೆ ಆಯ್ತು. ಅಷ್ಟ್ ಕೇಳಿದ್ರ ಸಾಕು ನನಗ."