ಮಾದೇವಕ್ಕ ಹೊರಡಿಸಿದ ಆದೇಶ

ಮಾದೇವಕ್ಕನಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಅಂಕೋಲೆಯ ಕಡಲಂಚಿನಲ್ಲಿ ತೆರೆಗಳ ಸದ್ದನ್ನು ಮೀರಿಸಿ ಮೀನು ಹರಾಜು ಕೂಗಿದ ಗಂಟಲು ಅದು. ಅದನ್ನು ಹಾಗೆಯೇ ಎತ್ತಿಕೊಂಡು ಬಂದು ಅವಳು ಕಾರವಾರದ ನಮ್ಮ ಕಚೇರಿಯಲ್ಲಿ ಬಾಯಿ ತೆರೆದರೆ, ಕೆಳಗಿನ ಟಪಾಲು ಶಾಖೆಯಲ್ಲಿ ಆಡಿದ ಮಾತು ಮಹಡಿಯ ಮೇಲಿನ ದೊಡ್ಡ ಸಾಹೇಬರ ಕೋಣೆಗೆ ಟಪಾಲಿಗಿಂತ ಮೂರು ವಾರ ಮೊದಲೇ ತಲುಪುತ್ತಿತ್ತು. ಯಾವ ಕಚೇರಿ ಎಂದು ಮಾತ್ರ ಕೇಳಬೇಡಿ. ನನ್ನ ನಿವೃತ್ತಿಗೆ ಇನ್ನೂ ಎರಡು ವರ್ಷ ಇದೆ.

ಅವಳು ಬರುತ್ತಿದ್ದುದು ಸೋಮವಾರ. ಅಂಕೋಲೆ ಪೇಟೆಯಲ್ಲಿ ಆ ದಿನ ಮೀನು ತಿನ್ನುವವರು ಕಡಿಮೆ. ಬುಟ್ಟಿಯಲ್ಲಿ ಉಳಿದ ನಾಲ್ಕು ಬಂಗಡೆಯ ಮೇಲೆ ಒದ್ದೆ ಗೋಣಿ ಮುಚ್ಚಿ, ಬೆಳಗಿನ ಬಸ್ಸು ಹತ್ತಿ ಬಂದುಬಿಡುತ್ತಿದ್ದಳು. ಬಂದ ಕೂಡಲೇ ನಮ್ಮ ಶಾಖೆಯಲ್ಲಿ ಫ್ಯಾನಿನ ಚರ್ಚೆ ಶುರುವಾಗುತ್ತಿತ್ತು. ಹಾಕಿದರೆ ವಾಸನೆ ಎಲ್ಲ ಮೇಜಿಗೂ ಹರಡುತ್ತದೆ, ಆರಿಸಿದರೆ ಸೆಕೆಯಲ್ಲಿ ಕೂರುವವರು ಯಾರು. ಈ ಚರ್ಚೆ ಮುಗಿಯುವಷ್ಟರಲ್ಲಿ ಚಹದ ಹೊತ್ತಾಗುತ್ತಿತ್ತು. ಮೊದಲ ಸಲ ನಾನು "ನೀವು ಕುಳಿತುಕೊಳ್ಳಿ" ಎಂದಾಗ ಅವಳು ಹಿಂದೆ ಯಾರೋ ಬಂದಿದ್ದಾರೆಂದು ತಿರುಗಿ ನೋಡಿದಳು. ಆಮೇಲೆ ನನ್ನ ಮುಖ ನೋಡಿ ನಕ್ಕು, "ನಂಗೆ ನೀವು ಗೀವು ಬೇಡ ತಮಾ. ನಾ ನಿಂತೇ ಹೇಳ್ತೆ" ಎಂದಳು. ಐವತ್ತು ದಾಟಿದ ನನ್ನನ್ನು ಆ ಕಚೇರಿಯಲ್ಲಿ ತಮಾ ಎಂದು ಕರೆದವಳು ಅವಳೊಬ್ಬಳೇ.

ನನ್ನ ಕೆಲಸದ ಬಗ್ಗೆಯೂ ಒಂದು ಮಾತು ಹೇಳಬೇಕು. ನಾನು ದಿನಾಚರಣೆಗಳ ವಿಷಯ ನಿರ್ವಾಹಕ. ಕೈ ತೊಳೆಯುವುದಕ್ಕೊಂದು ದಿನ, ಸೊಳ್ಳೆಗೊಂದು ದಿನ, ಮಣ್ಣಿಗೊಂದು, ನೀರಿಗೊಂದು, ಹೀಗೆ ವರ್ಷದ ಬಹುಪಾಲು ದಿನಗಳಿಗೆ ಸರ್ಕಾರ ಒಂದೊಂದು ಚಿಂತೆ ಹಂಚಿಕೊಟ್ಟಿದೆ. ಬ್ಯಾನರ್ ಕಟ್ಟಿಸಿ, ದೀಪ ಹಚ್ಚಿಸಿ, ಪ್ರತಿಜ್ಞೆ ಓದಿಸಿ, ಫೋಟೋ ಮೇಲಕ್ಕೆ ಕಳಿಸಿದರೆ ಆ ಚಿಂತೆ ಮುಗಿಯಿತು. ಬ್ಯಾನರಿನ ಹಿಂಬದಿಯನ್ನು ಮರುವಾರ ಇನ್ನೊಂದು ಚಿಂತೆಗೆ ಬಳಸುವ ಉಪಾಯ ಜಿಲ್ಲೆಯಲ್ಲಿ ಮೊದಲು ಹೊಳೆದದ್ದು ನನಗೆ.

ಮಾದೇವಕ್ಕನಿಗೆ ಬೇಕಾಗಿದ್ದುದೂ ಒಂದು ದಿನವೇ. ದೋಣಿ ಹತ್ತುವವರೆಲ್ಲ ಲೈಫ್ ಜಾಕೆಟ್ ಹಾಕಬೇಕು ಎಂದು ಸರ್ಕಾರ ಒಂದು ದಿನವನ್ನು ಘೋಷಿಸಬೇಕು, ಅದಕ್ಕೆ ಸಾಹೇಬರ ಸಹಿ ಬೇಕು, ಮೊಹರು ಬೇಕು. ಅವಳ ಗಂಡ ಏಳೆಂಟು ವರ್ಷಗಳ ಹಿಂದೆ ಹೊಳೆ ಕಡಲು ಸೇರುವ ಅಳಿವೆಯ ಬಾಯಿಯಲ್ಲಿ ದೋಣಿ ಮಗುಚಿ ತೀರಿಹೋಗಿದ್ದ. ಹೆಣ ಸಿಕ್ಕಿದ್ದು ಮೂರನೆಯ ದಿನ. ಯಾರೋ ಹಂಚಿದ್ದ ಜಾಕೆಟ್ಟು ಆಗ ಮನೆಯ ಅಟ್ಟದ ಮೇಲೆ, ಪ್ಲಾಸ್ಟಿಕ್ ಹೊದಿಕೆ ಕೂಡ ಹರಿಯದೆ ಇತ್ತು. ಈಗ ಮಗ ಗಣಪತಿ ಅದೇ ದೋಣಿಯಲ್ಲಿ ಅದೇ ಅಳಿವೆ ದಾಟುತ್ತಿದ್ದ, ಬರೀ ಬನಿಯನ್ನಿನಲ್ಲಿ.

"ಹಾಕ್ಕೊ ಮಗಾ ಅಂದ್ರೆ ಹೆಂಗ್ಸ್ರ ಪೋಲ್ಕದ ಹಂಗೆ ಕಾಣ್ತದೆ ಅಂತಾನೆ. ಕಡಲತಾಯಿ ಮೇಲೆ ನಂಬ್ಕೆ ಇಲ್ದೋರು ಹಾಕೂದು ಅಂತ ಉಳ್ದೋರು ನಗ್ತರಂತೆ. ಎಲ್ಲಾರೂ ಹಾಕಿದ್ರೆ ನಾನೂ ಹಾಕ್ತೆ ಅಂತಾನೆ. ಎಲ್ಲಾರಿಗೂ ಹಾಕ್ಸೂಕೆ ನಾನೇನ್ ಸರ್ಕಾರನಾ? ಅದ್ಕೇ ಸರ್ಕಾರದ ಬಳಿ ಬಂದೆ."

ಅವಳ ಲೆಕ್ಕಾಚಾರ ಸರಳವಾಗಿತ್ತು. ಮಳೆಗಾಲದಲ್ಲಿ ಎರಡು ತಿಂಗಳು ಬೋಟು ನಿಲ್ಲಿಸಿ ಎಂದು ಸರ್ಕಾರದ ಒಂದು ಕಾಗದ ಬರುತ್ತದೆ, ಇಡೀ ಕರಾವಳಿ ನಿಲ್ಲಿಸುತ್ತದೆ. ಹಾಗಾದರೆ ಜಾಕೆಟ್ ಹಾಕಿ ಎಂದು ಇನ್ನೊಂದು ಕಾಗದ ಬಂದರೆ ಹಾಕಲೇಬೇಕಲ್ಲ? ಆಡಳಿತದಲ್ಲಿ ಮೂವತ್ತು ವರ್ಷ ಕಳೆದ ನಾನು ಈ ತರ್ಕದಲ್ಲಿ ತಪ್ಪು ಹುಡುಕಲು ಒದ್ದಾಡಿದೆ. ತಪ್ಪು ಇರಲಿಲ್ಲ. ಆದ್ದರಿಂದ ಅರ್ಜಿಯನ್ನು ಶಿರಸ್ತೇದಾರರ ಬಳಿ ಕಳಿಸಿದೆ.

ಶಿರಸ್ತೇದಾರರು ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು. "ಜಾಗೃತಿ ದಿನಗಳು ಮೇಲಿನಿಂದ ಕೆಳಗೆ ಬರಬೇಕು. ಕೆಳಗಿನಿಂದ ಮೇಲೆ ಹೋದ ಪೂರ್ವನಿದರ್ಶನ ಉಂಟೋ?"

ಬಾಗಿಲಲ್ಲಿ ನಿಂತಿದ್ದ ಮಾದೇವಕ್ಕ, "ಮುಳುಗೂದು ಮೇಲಿಂದ ಕೆಳಗೇ ಸಾಯ್ಬ್ರೆ. ಅದ್ಕೆ ನಿದರ್ಶನ ನಮ್ ಮನೇಲೇ ಅದೆ" ಎಂದಳು. ಇಡೀ ಕಚೇರಿಗೆ ಕೇಳಿಸಿತು. ಶಿರಸ್ತೇದಾರರು ಕನ್ನಡಕವನ್ನು ಮತ್ತೆ ಹಾಕಿಕೊಂಡು, ಖಾಸಗಿ ವ್ಯಕ್ತಿಯ ಮನವಿಯ ಮೇಲೆ ಘೋಷಣೆ ಹೊರಡಿಸಲು ಬರುವುದಿಲ್ಲ, ನೋಂದಾಯಿತ ಸಂಘದ ಮೂಲಕ ಬರಲಿ ಎಂದು ಬರೆದರು. ಹೀಗೆ ಬರೆದರೆ ಅರ್ಜಿದಾರರು ಮತ್ತೆ ಬರುವುದಿಲ್ಲ ಎಂಬುದು ಅವರ ಅನುಭವ.

ನಾಲ್ಕು ತಿಂಗಳಿಗೆ ಅವಳು ಸಂಘದೊಂದಿಗೆ ಬಂದಳು. ಕೇರಿಯ ಹನ್ನೊಂದು ಮೀನು ಮಾರುವ ಹೆಂಗಸರು, ಅಧ್ಯಕ್ಷೆ ಮಾದೇವಕ್ಕ, ನೋಂದಣಿ ಪತ್ರ, ಅಚ್ಚು ಹಾಕಿಸಿದ ಕಾಗದ, ಎಲ್ಲಕ್ಕಿಂತ ಮುಖ್ಯವಾಗಿ ರಬ್ಬರಿನ ಮೊಹರು. ಆ ಮೊಹರಿನ ಮೇಲೆ ಅವಳಿಗೆ ಎಲ್ಲಿಲ್ಲದ ಪ್ರೀತಿ. ಶಾಯಿ ಚೆನ್ನಾಗಿದೆಯೇ ಎಂದು ಅಂಗೈಗೆ ಒತ್ತಿ ನೋಡುತ್ತಿದ್ದಳು. ನನ್ನ ಮೇಜಿನ ಮೇಲಿದ್ದ ಅಂಕೋಲೆಯ ಮಾವಿನಹಣ್ಣಿಗೂ ಒಮ್ಮೆ ಒತ್ತಿದಳು. "ಇನ್ ಇದು ಸಂಘದ್ದು" ಎಂದು ಅದನ್ನು ಬುಟ್ಟಿಗೆ ಹಾಕಿಕೊಂಡು ಹೋಗಿಯೂಬಿಟ್ಟಳು.

ಆಮೇಲೆ ಕಡತ ಪ್ರವಾಸ ಹೊರಟಿತು. ಒಂದು ಇಲಾಖೆ ಆಕ್ಷೇಪಣೆ ಇಲ್ಲ ಎಂದಿತು. ಇನ್ನೊಂದು, ಸಂಬಂಧವೇ ಇಲ್ಲ ಎಂದಿತು. ಮೂರನೆಯದು ಮೊದಲ ಎರಡರ ಅಭಿಪ್ರಾಯದ ದೃಢೀಕೃತ ಪ್ರತಿ ಕೇಳಿತು. ನಡುವೆ ಒಂದು ಇಡೀ ಸಭೆ ಜಾಕೆಟ್ಟಿಗೆ ಅಚ್ಚ ಕನ್ನಡದ ಹೆಸರು ಹುಡುಕುವುದರಲ್ಲಿ ಕಳೆದು, ಗೋಡಂಬಿ ಮುಗಿದ ಮೇಲೆ ಮುಂದಕ್ಕೆ ಹೋಯಿತು. ಮಾದೇವಕ್ಕ ಪ್ರತಿ ಸೋಮವಾರ ಬಂದು, "ಎಲ್ಲಿಗ್ ಬಂತು ತಮಾ ನಮ್ ದೋಣಿ?" ಎಂದು ಕೇಳುತ್ತಿದ್ದಳು. ನಾನು ಒಂದೊಂದು ಇಲಾಖೆಯ ಹೆಸರು ಹೇಳುತ್ತಿದ್ದೆ. "ಗಾಳಿ ಇಲ್ಲಾ ಕಾಣ್ತದೆ" ಎನ್ನುತ್ತಿದ್ದಳು.

ಇಲ್ಲಿ ನನ್ನ ಪಾತ್ರವನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ಅವಳು ಕೇಳಿದ್ದು ನೂಲ ಹುಣ್ಣಿಮೆಯ ದಿನವನ್ನು. ಅಂದು ಮೀನುಗಾರರು ಕಡಲಿಗೆ ತೆಂಗಿನಕಾಯಿ ಅರ್ಪಿಸಿ, ಮಳೆಗಾಲದ ಬಿಡುವು ಮುಗಿಸಿ ದೋಣಿ ನೀರಿಗಿಳಿಸುತ್ತಾರೆ. ಆ ದಿನ ಹಾಕಿದ್ದನ್ನು ವರ್ಷವಿಡೀ ಹಾಕುತ್ತಾರೆ ಎಂಬುದು ಅವಳ ನಂಬಿಕೆ. ನಾನು ಟಿಪ್ಪಣಿಯಲ್ಲಿ ಬರೆದೆ: ಸದರಿ ದಿನ ಹಬ್ಬವಿರುವುದರಿಂದ ಸಿಬ್ಬಂದಿ ರಜೆಯಲ್ಲಿರುತ್ತಾರೆ, ಮೀನುಗಾರರು ಸಮುದ್ರಕ್ಕೆ ತೆರಳುವುದರಿಂದ ಸಭೆಗೆ ಜನ ಸೇರುವುದಿಲ್ಲ, ಆದ್ದರಿಂದ ಮಳೆಗಾಲದಲ್ಲಿ ಎಲ್ಲರೂ ಮನೆಯಲ್ಲಿರುವ ಒಂದು ದಿನವನ್ನು ಪರಿಗಣಿಸಬಹುದು. ಶಿರಸ್ತೇದಾರರು ಬೆನ್ನು ತಟ್ಟಿದರು. ದೊಡ್ಡ ಸಾಹೇಬರು ಸಹಿ ಹಾಕಿದರು. ಒಂದೂವರೆ ವರ್ಷದ ಮೇಲೆ ಘೋಷಣೆ ಹೊರಬಿತ್ತು. ನನಗೆ ಆಗ ಹೆಮ್ಮೆಯೇ ಆಗಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಸಮಾರಂಭದ ದಿನ ಕಾರವಾರದಲ್ಲಿ ಧೋ ಎಂದು ಮಳೆ. ಕೋಡಿಬಾಗದ ನನ್ನ ಮನೆಯಿಂದ ಸಭಾಭವನಕ್ಕೆ ಬರುವಷ್ಟರಲ್ಲಿ ನಾನೇ ಅರ್ಧ ಮುಳುಗಿದ್ದೆ. ನನ್ನ ಕೆಲಸ ಬಾಗಿಲಲ್ಲಿ ಹಾಜರಿ ಪುಸ್ತಕ ಹಿಡಿದು ನಿಲ್ಲುವುದು. ಒಳಗೆ ವೇದಿಕೆಯ ಮೇಲೆ ಎಂಟು ಮಂದಿ ಗಣ್ಯರು ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಹೊಟ್ಟೆಯ ಮೇಲೆ ಪಟ್ಟಿ ಕೂಡದೆ, ಉಸಿರು ಬಿಗಿಹಿಡಿದು ಫೋಟೋಕ್ಕೆ ನಿಂತರು. ಜಾಕೆಟ್ಟುಗಳು ಎರವಲು ತಂದವು. ಫೋಟೋ ಆದ ಕೂಡಲೇ ಎಣಿಸಿ ಗಂಟು ಕಟ್ಟಿ ಜೀಪಿನಲ್ಲಿ ಹಿಂದಕ್ಕೆ ಕಳಿಸಲಾಯಿತು. ಬಸ್ಸು ಮಾಡಿ ಕರೆತಂದಿದ್ದ ಮೀನುಗಾರರು ಉಪ್ಪಿಟ್ಟು ತಿಂದು ಪ್ರತಿಜ್ಞೆ ಹೇಳಿದರು. ಮಾದೇವಕ್ಕನಿಗೆ ಕಟ್ಟು ಹಾಕಿಸಿದ ಘೋಷಣೆಯ ಪ್ರತಿ ಕೊಟ್ಟರು. ಹೊರಗೆ ಬಂದವಳು ನನ್ನ ಮುಂದೆ ಅದನ್ನು ಹಿಡಿದಳು.

"ಯಾವ್ ದಿನ ಬರ್ದಿದ್ರು ತಮಾ, ಓದು."

ಓದಿದೆ.

"ದೋಣಿ ಎಲ್ಲಾ ಮೇಲ್ ಹತ್ತಿ ಕುಂತದೆ. ಈಗ ಯಾರ್ ಮುಳುಗ್ತರು? ನಿಮ್ ಸಾಯ್ಬ್ರೆ?" ಎಂದಳು. ನಾನು ಹಾಜರಿ ಪುಸ್ತಕ ಮುಂದೆ ಮಾಡಿ ಇಲ್ಲಿ ಹೆಬ್ಬೆಟ್ಟು ಒತ್ತು ಎಂದೆ. ಅವಳು ಮೊಹರು ತೆಗೆದು ಒತ್ತಿ, ಮಳೆಯಲ್ಲೇ ಬಸ್ ನಿಲ್ದಾಣದ ಕಡೆಗೆ ನಡೆದಳು.

ನೂಲ ಹುಣ್ಣಿಮೆಯಾಗಿ ವಾರದೊಳಗೆ ಕಚೇರಿಗೊಂದು ದೂರು ಬಂತು. ಅಂಕೋಲೆಯ ಕಡಲತೀರದಲ್ಲಿ ಸರ್ಕಾರಿ ಘೋಷಣೆಯ ಜೆರಾಕ್ಸ್ ಪ್ರತಿಗಳನ್ನು ತಿದ್ದಿ, ದಿನಾಂಕವನ್ನು ಮಸಿಯಿಂದ ಅಳಿಸಿ ಅಂಟಿಸಲಾಗಿದೆ, ಮೀನು ಕೊಳ್ಳುವವರಿಲ್ಲದೆ ದೋಣಿಯವರಿಗೆ ತೊಂದರೆಯಾಗಿದೆ ಎಂದು. ಸರ್ಕಾರಿ ದಾಖಲೆ ತಿದ್ದುವುದು ಎಂದರೆ ಶಿರಸ್ತೇದಾರರು ಸುಮ್ಮನೆ ಬಿಡುವವರಲ್ಲ. ಸ್ಥಳ ಪರಿಶೀಲನೆಗೆ ನನ್ನನ್ನು ಕಳಿಸಿದರು.

ಹೋಗಿ ನೋಡುತ್ತೇನೆ, ದೋಣಿಗಳು ದಡಕ್ಕೆ ಬರುತ್ತಿವೆ. ಸಂಘದ ಹೆಂಗಸರು ಮರಳಿನ ಮೇಲೆ ಸಾಲಾಗಿ ಕುಳಿತಿದ್ದಾರೆ, ಬುಟ್ಟಿಗಳನ್ನು ಬೋರಲು ಹಾಕಿಕೊಂಡು. ಜಾಕೆಟ್ ತೊಟ್ಟವರ ದೋಣಿ ಬಂದರೆ ಬುಟ್ಟಿ ನೆಟ್ಟಗಾಗುತ್ತದೆ, ಹರಾಜು ನಡೆಯುತ್ತದೆ. ಬನಿಯನ್ನಿನವರ ದೋಣಿ ಬಂದರೆ ಬುಟ್ಟಿ ಬೋರಲೇ ಇರುತ್ತದೆ. ಆ ಸಣ್ಣ ದೋಣಿಗಳ ಮೀನಿಗೆ ಲಾರಿ ಬರುವುದಿಲ್ಲ. ಹೆಂಗಸರು ಹೊತ್ತು ಮಾರಿದರೆ ಉಂಟು, ಇಲ್ಲದಿದ್ದರೆ ಕಾಗೆಗೆ. ಮೊದಲ ದಿನ ಗಂಡಸರು ನಕ್ಕರಂತೆ. ಮೂರನೆಯ ದಿನ ಕಾಗೆಗಳು ನಕ್ಕವಂತೆ. ನಾಲ್ಕನೆಯ ದಿನದಿಂದ ಅಟ್ಟಗಳ ಮೇಲಿಂದ ಜಾಕೆಟ್ಟುಗಳು ಇಳಿಯತೊಡಗಿದವು. ಒಬ್ಬನ ಜಾಕೆಟ್ಟಿನ ಮೇಲೆ ಕೋಳಿ ಕಾವಿಗೆ ಕುಳಿತಿತ್ತು. ಅವನಿಗೆ ಮಾತ್ರ ಮರಿಯಾಗುವ ತನಕ ಸಂಘ ವಿನಾಯಿತಿ ಕೊಟ್ಟಿತ್ತು, ಮೊಹರು ಸಮೇತ.

ಗಣಪತಿ ಐದನೆಯ ದಿನ ಹಾಕಿದವನು. ಅದಕ್ಕೂ ಮೊದಲು ತಾಯಿಯೊಡನೆ ತೀರದಲ್ಲೇ ಜಗಳವಾಡಿದ್ದನಂತೆ. "ಆರ್ಡರ್ ಒಂದ್ ದಿನಕ್ಕೆ ಮಾತ್ರ ಅದೆ ಆಯಿ, ಆ ದಿನ ಹೋಯ್ತು" ಎಂದು ಘೋಷಣೆಯನ್ನು ಬೆರಳಿಟ್ಟು ತೋರಿಸಿದ. ಅವಳು ಒಲೆಯ ಇದ್ದಿಲು ತಂದು ದಿನಾಂಕವನ್ನು ತಿಕ್ಕಿ ಹಾಕಿದಳು. "ಈಗ ಯಾವ್ ದಿನ ಅದೆ ಓದು" ಎಂದಳು. ಅವನು ಬೈದುಕೊಂಡು ಹೋದ. ಮರುದಿನ ಅವನ ಮೀನನ್ನೂ ಅವಳು ಎತ್ತಲಿಲ್ಲ. ಹೊತ್ತೇರುವ ತನಕ ತಾಯಿ ಮಗ ಅದರ ಎರಡು ಬದಿಗೆ ಕುಳಿತು ಕಾಗೆ ನೋಡಿದರಂತೆ.

ನಾನು ಅವಳ ಪಕ್ಕದಲ್ಲಿ ಮರಳ ಮೇಲೆ ಕುಳಿತೆ. "ಇದು ಅಪರಾಧ ಮಾದೇವಕ್ಕಾ. ಸರ್ಕಾರದ ಕಾಗದ ತಿದ್ದೋದು."

"ನಿನ್ ಸರ್ಕಾರ ಒಂದ್ ದಿನ ಕೊಡ್ತು. ನಾ ಉಳ್ದ ದಿನ ಹಾಕ್ಕೊಂಡೆ. ಬರ್ಕೊ, ಹಂಗೇ ಬರ್ಕೊ" ಎಂದಳು. ಆ ಮಾತು ದೂರದ ದೋಣಿಯವರಿಗೂ ಕೇಳಿಸಿತು.

ನಾನು ವರದಿ ಬರೆದೆ. ಮಳೆ ನೀರು ತಾಗಿ ದಿನಾಂಕ ಅಳಿಸಿಹೋಗಿರುವುದು ಕಂಡುಬಂದಿದೆ, ತಿದ್ದುಪಡಿಯಾಗಿಲ್ಲ. ಮೂವತ್ತು ವರ್ಷದ ನೌಕರಿಯಲ್ಲಿ ನಾನು ಬರೆದ ಸುಳ್ಳುಗಳು ಬೇಕಾದಷ್ಟಿವೆ. ಸಂತೋಷದಿಂದ ಬರೆದದ್ದು ಇದೊಂದೇ. ಶಿರಸ್ತೇದಾರರು ಇದ್ದಿಲಿನ ಗುರುತಿರುವ ಪ್ರತಿಯನ್ನು ಬೆಳಕಿಗೆ ಹಿಡಿದು ನೋಡಿ, "ಅಂಕೋಲೆಯ ಮಳೆ ಬಹಳ ಕಪ್ಪು" ಎಂದು ಕಡತ ಮುಚ್ಚಿದರು. ಅವರನ್ನೂ ನಾನು ಅಂದಿನಿಂದ ಸ್ವಲ್ಪ ಬೇರೆ ರೀತಿ ನೋಡತೊಡಗಿದೆ.

ಆ ವರ್ಷ ಆ ಕೇರಿಯಿಂದ ಕಡಲಿಗೆ ಹೋದವರೆಲ್ಲ ಮನೆಗೆ ಬಂದರು. ಕಾರ್ಯಕ್ರಮದ ಫಲಿತಾಂಶ ಕಳಿಸಿ ಎಂದು ಮೇಲಿನಿಂದ ನಮೂನೆ ಬಂದಾಗ ಇದನ್ನು ಎಲ್ಲಿ ಬರೆಯುವುದೆಂದು ಹುಡುಕಿದೆ. ಬ್ಯಾನರಿನ ಅಳತೆಗೆ ಅಂಕಣವಿತ್ತು, ಗಣ್ಯರ ಸಂಖ್ಯೆಗೆ ಅಂಕಣವಿತ್ತು. ಮುಳುಗದವರಿಗೆ ಇರಲಿಲ್ಲ.

ಅದಾಗಿ ಎರಡು ವರ್ಷಕ್ಕೆ, ದಸರೆ ಕಳೆದ ಒಂದು ಬೆಳಿಗ್ಗೆ, ಸಂಘದ ಹೆಂಗಸೊಬ್ಬಳು ಫೋನು ಮಾಡಿದಳು. ಮಾದೇವಕ್ಕ ಬೆಳಗಿನ ಜಾವ ಮಗನಿಗೆ ಗಂಜಿ ಬಡಿಸಿ, ಅವನು ಕಡಲಿಗೆ ಹೋದ ಮೇಲೆ ಜಗುಲಿಯಲ್ಲಿ ಕುಳಿತವಳು ಮತ್ತೆ ಏಳಲಿಲ್ಲವಂತೆ. ಎದೆನೋವು ಎಂದು ಯಾರಿಗೂ ಹೇಳಿರಲಿಲ್ಲ. ರಜೆ ಚೀಟಿ ಕೂಡ ಬರೆಯದೆ ನಾನು ಅಂಕೋಲೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಳು ಬರುತ್ತಿತ್ತು, ತಡೆಯಲು ಆಗಲಿಲ್ಲ.

ದೋಣಿಗಳಿಗೆ ಸುದ್ದಿ ಹೋಗಿತ್ತು. ಅವರೆಲ್ಲ ಬಲೆ ಎಳೆದುಕೊಂಡು ನೇರ ಬಂದರು. ಮನೆಗೆ ಹೋಗಿ ಬಟ್ಟೆ ಬದಲಿಸುವ ವ್ಯವಧಾನ ಯಾರಿಗೂ ಇರಲಿಲ್ಲ. ಸುಡುಗಾಡಿನಲ್ಲಿ ಚಿತೆಯ ಸುತ್ತ ನಲವತ್ತು ಐವತ್ತು ಮಂದಿ, ಎಲ್ಲರ ಮೈಮೇಲೂ ನೀರಿಳಿಯುವ ಜಾಕೆಟ್ಟು. ಯಾರಿಗೂ ಅದು ಮೈಮೇಲಿರುವ ಪರಿವೆಯೇ ಇದ್ದಂತಿರಲಿಲ್ಲ. ಹಿರಿಯನೊಬ್ಬ ಗಣಪತಿಯ ಹೆಗಲು ಮುಟ್ಟಿ, "ಬೆಂಕಿ ಕೊಡೂಕೆ ಬರಿಮೈಲಿ ನಿಲ್ಬೇಕು ಮಗಾ, ಅದ್ನ ತೆಗಿ" ಎಂದ.

ಗಣಪತಿ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿದ. ಅದನ್ನು ನೆಲಕ್ಕೆ ಹಾಕಲು ಅವನಿಗೆ ಮನಸ್ಸು ಬರಲಿಲ್ಲ. ಕೈಯಲ್ಲಿ ಹಿಡಿದು ಯಾರಿಗೆ ಕೊಡಲಿ ಎಂದು ನೋಡುತ್ತ ನಿಂತ. ನಾನು ಕೈ ಚಾಚಿದೆ. ನಾಲ್ಕು ವರ್ಷ ಅದರ ಮೇಲೆ ಟಿಪ್ಪಣಿ ಬರೆದಿದ್ದೆ, ಅಳತೆ, ಬಣ್ಣ, ಹೆಸರು ಎಲ್ಲ ನನ್ನ ಕಡತದಲ್ಲಿತ್ತು. ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಅದು ಇನ್ನೂ ಅವನ ಮೈಯ ಬಿಸಿಯಲ್ಲಿತ್ತು.